ಹಳೇ ಲೈನಿನ ಕಾಮಾಲೆ

ಹೋದ ತಿಂಗಳು ವಿನೋಬನಗರದಲ್ಲಿ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆ. ಕೈ ತೊಳೆಯಲು ನಲ್ಲಿ ತಿರುಗಿಸಿದೆ; ಬ್ಲೀಚಿಂಗ್ ಪೌಡರಿನ ಘಾಟು ಗಪ್ಪನೆ ಮುಖಕ್ಕೆ ಬಡಿಯಿತು. ಟ್ಯಾಂಕು ತೊಳೆದ ದಿನ ಹಾಗೆ ಬರುತ್ತದೆ. "ಇವತ್ತು ಜಾಸ್ತಿ ಸುರಿದುಬಿಟ್ಟಿದಾರೆ ಮಾರಾಯ್ತಿ, ಆ ನೀರಲ್ಲಿ ಬಾಯಿ ಮುಕ್ಕಳಿಸಬೇಡ," ಎಂದು ಗೆಳತಿ ಅಡುಗೆಮನೆಯಿಂದ ಕೂಗಿದಳು. ನಾನು ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಿದ್ದೆ. ಕೆಲವರಿಗೆ ಆ ವಾಸನೆ ಆಸ್ಪತ್ರೆಯನ್ನು ನೆನಪಿಸುತ್ತದೆ, ಕೆಲವರಿಗೆ ಈಜುಕೊಳವನ್ನು. ನನಗೆ ಭದ್ರಾವತಿಯ ಒಂದು ಬೀದಿ ನೆನಪಾಗುತ್ತದೆ, ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ, ಮತ್ತೆ ಸುಜಾತ.

ಆಗ ನಾನು ಶಿವಮೊಗ್ಗದಲ್ಲಿ, ನೀರು ಪರೀಕ್ಷೆ ಮಾಡುವ ಸಣ್ಣದೊಂದು ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಯಾಗಿದ್ದೆ. ಹೊಸಮನೆಯಲ್ಲಿ ಬಾಡಿಗೆ ಮನೆ, ಕಿಟಕಿ ತೆರೆದರೆ ಬಿಸಿಗಾಳಿ. ಸುತ್ತಮುತ್ತಲಿನ ಬೋರ್‌ವೆಲ್ಲು, ಕೆರೆ, ನಲ್ಲಿಗಳ ನೀರೆಲ್ಲ ಬಾಟಲಿಗಳಲ್ಲಿ ನಮ್ಮ ಮೇಜಿಗೆ ಬರುತ್ತಿತ್ತು. ಕುಡಿಯಲು ಯೋಗ್ಯವೋ ಅಲ್ಲವೋ ಎಂದು ಬರೆದು ಕಳಿಸುವುದು ನಮ್ಮ ಕೆಲಸ. ಬರೆದದ್ದು ಮುಂದೆ ಏನಾಯಿತು ಎಂದು ವಿಚಾರಿಸುವುದು ನಮ್ಮ ಕೆಲಸವಲ್ಲ ಎನ್ನುವುದನ್ನು ಸೇರಿದ ಹೊಸದರಲ್ಲೇ ಹಿರಿಯರೊಬ್ಬರು ನನಗೆ ನಯವಾಗಿ ತಿಳಿಸಿಕೊಟ್ಟಿದ್ದರು.

ಸುಜಾತ ನಮ್ಮಲ್ಲಿ ಟೆಕ್ನಿಷಿಯನ್. ಮಲವಗೊಪ್ಪದ ಹುಡುಗಿ, ಎಂ.ಎಸ್ಸಿ. ಓದಿದವಳು, ಮಾತು ಚುರುಕು, ನಗು ಇನ್ನೂ ಚುರುಕು. ಭದ್ರಾವತಿಯ ಮುರುಗೇಶನನ್ನು ಮದುವೆಯಾಗಿದ್ದಳು. ಅವನ ತಾತ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆನಿಂತವರು. ಕಾರ್ಖಾನೆಯಲ್ಲಿ ಕೆಲಸ ತಪ್ಪಿದ ಮೇಲೆ ಮುರುಗೇಶ ಶಿವಮೊಗ್ಗದ ವೆಲ್ಡಿಂಗ್ ಅಂಗಡಿಯೊಂದಕ್ಕೆ ಬರುತ್ತಿದ್ದ. ಗಂಡ ಹೆಂಡತಿ ಒಂದೇ ಬೈಕಿನಲ್ಲಿ ಬರುತ್ತಿದ್ದರು, ನಮ್ಮ ಗೇಟಿನ ಹತ್ತಿರ ಅವಳನ್ನು ಇಳಿಸಿ ಅವನು ಮುಂದೆ ಹೋಗುತ್ತಿದ್ದ. ಅವರ ಮನೆ ಇದ್ದದ್ದು ಜನ ಹಳೇ ಲೈನ್ ಎಂದು ಕರೆಯುವ ಬೀದಿಯಲ್ಲಿ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಹಳೆಯ ಹೆಂಚಿನ ಮನೆಗಳು, ನಡುವೆ ಚರಂಡಿ, ಕನ್ನಡ ತಮಿಳು ತೆಲುಗು ಎಲ್ಲ ಒಂದೇ ಉಸಿರಿನಲ್ಲಿ ಆಡುವ ಜನ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ದಿನ ಸುಜಾತ ಏಪ್ರನ್ ಕಟ್ಟಿಕೊಳ್ಳುತ್ತಾ ಹೇಳಿದಳು: "ಮೇಡಂ, ನಮ್ ಲೈನಲ್ಲಿ ಯಾಕೋ ಎಲ್ರಿಗೂ ಕಾಮಾಲೆ ಬರ್ತಾ ಇದೆ."

"ಎಲ್ರಿಗೂ ಅಂದ್ರೆ?"

"ಎದುರುಮನೆ ಆಂಟಿ, ಅವರ ಮಗ, ಕೊನೇಮನೆ ಟೈಲರ್. ಈಗ ಪಕ್ಕದ ಮನೆ ಅಜ್ಜ. ಎಲ್ರೂ ಎಲೆ ಔಷಧಿ ಕುಡೀತಿದಾರೆ. ನೀರ್ ಕುದಿಸಿ ಕುಡಿಯೋರು ಒಬ್ರೂ ಇಲ್ಲ."

ನಾನು ಅವಳ ಹೊಟ್ಟೆಯ ಕಡೆ ನೋಡಿರಬೇಕು. ಆಗಷ್ಟೇ ಬಸಿರು ಎದ್ದು ಕಾಣತೊಡಗಿತ್ತು. ನೀರಿನಿಂದ ಹರಡುವ ಕಾಮಾಲೆಯ ವೈರಸ್ಸುಗಳಲ್ಲಿ ಒಂದಿದೆ; ಉಳಿದವರನ್ನು ಕೆಲವು ವಾರ ಮಲಗಿಸಿ ಬಿಟ್ಟುಬಿಡುತ್ತದೆ, ತಿಂಗಳು ತುಂಬುತ್ತಿರುವ ಬಸುರಿಯರ ಮೇಲೆ ಮಾತ್ರ ಕರುಣೆಯಿಲ್ಲದೆ ಬೀಳುತ್ತದೆ. ಯಾಕೆ ಹಾಗೆ ಎಂದು ವಿಜ್ಞಾನಕ್ಕೆ ಇನ್ನೂ ಪೂರ್ತಿ ಗೊತ್ತಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಗೊತ್ತು ಮೇಡಂ, ನಾನು ಕುದಿಸೇ ಕುಡಿಯೋದು. ಬ್ಯಾಗಲ್ಲಿ ಬಾಟ್ಲಿ ಇಲ್ದೆ ಎಲ್ಲಿಗೂ ಹೋಗಲ್ಲ," ಎಂದಳು.

ಆ ಭಾನುವಾರ ನಾನೇ ಭದ್ರಾವತಿಗೆ ಹೋದೆ. ಹಳೇ ಲೈನಿಗೆ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ, ಅದೂ ಸ್ವಲ್ಪ ಹೊತ್ತು. ನಲ್ಲಿ ಮೊದಲು ಬುಸ್ಸೆಂದು ಗಾಳಿ ಬಿಟ್ಟಿತು, ಆಮೇಲೆ ಮಬ್ಬು ನೀರು, ಆಮೇಲೆ ತಿಳಿ. ಹೆಂಗಸರು ಮಬ್ಬು ನೀರನ್ನು ಪಾತ್ರೆ ತೊಳೆಯಲು ಎತ್ತಿಟ್ಟು ತಿಳಿನೀರನ್ನು ಕೊಡಕ್ಕೆ ಹಿಡಿದರು. ಎಷ್ಟೋ ತಲೆಮಾರಿನ ವಿವೇಕ ಅದು, ಆದರೆ ಸಾಲದು. ಸುಜಾತಳ ಅತ್ತೆ ಕಮಲಮ್ಮನ ಅಂಗಳದಲ್ಲಿ ನಿಂತು ಅವರಿಗೆಲ್ಲ ತಿಳಿಸಿ ಹೇಳಲು ನೋಡಿದೆ: ನೀರು ಬಿಟ್ಟಾಗ ಪೈಪು ತುಂಬಿ ಹೊರಗೆ ಒತ್ತುತ್ತದೆ, ತೂತಿದ್ದರೆ ಒಳಗಿನದು ಹೊರಗೆ ಹೋಗುತ್ತದೆ. ನೀರು ನಿಲ್ಲಿಸಿದಾಗ ಅದೇ ಪೈಪು ಎಳನೀರಿಗೆ ಹಾಕಿದ ಸ್ಟ್ರಾ ಥರ ಎಳೆದುಕೊಳ್ಳುತ್ತದೆ. ಸುತ್ತ ಏನಿದೆಯೋ ಅದೇ ಒಳಗೆ ಬರುತ್ತದೆ.

ಕಮಲಮ್ಮ ಚರಂಡಿಯ ಕಡೆ ನೋಡಿದರು. "ಸುತ್ತ ಇರೋದು ಇದೇ ಅಲ್ವಾ ಕಣ್ಣು," ಎಂದರು. ಚಿಕ್ಕವರನ್ನೆಲ್ಲ ಅವರು ತಮಿಳಿನ ಅಕ್ಕರೆಯಲ್ಲಿ 'ಕಣ್ಣು' ಎಂದೇ ಕರೆಯುವುದು.

ನಮ್ಮಲ್ಲಿ ಒಂದು ಸುಲಭದ ಪರೀಕ್ಷೆ ಇತ್ತು. ಔಷಧಿ ಹಚ್ಚಿದ ಕಾಗದದ ಚೂರು ಇಟ್ಟ ಪುಟ್ಟ ಬಾಟಲಿ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದಿಂದ ಬರುವ ಬ್ಯಾಕ್ಟೀರಿಯಾ ಇದ್ದ ಪಕ್ಷದಲ್ಲಿ ನೀರು ಮಸಿಯಂತಾಗುತ್ತದೆ. ಮನೆಮನೆಗೂ ಒಂದೊಂದು ಕೊಟ್ಟು ಬಂದೆವು. ಮರುದಿನ ಸುಜಾತ ಫೋನಿನಲ್ಲಿ ಚಿತ್ರ ತೋರಿಸಿದಳು. ಲೈನಿನುದ್ದಕ್ಕೂ ಅಡುಗೆಮನೆಯ ಗೂಡುಗಳಲ್ಲಿ, ಸ್ಟವ್ ಪಕ್ಕದಲ್ಲಿ, ದೇವರ ಪಟದ ಕೆಳಗೆ ಕಪ್ಪು ಬಾಟಲಿಗಳು. ಪ್ರಯೋಗಾಲಯದ ಪರೀಕ್ಷೆಯೂ ಅದನ್ನೇ ಹೇಳಿತು. ಅಯೋಗ್ಯ ಎಂದು ಬರೆದೆ, ಕೂಡಲೇ ನೀರು ನಿಲ್ಲಿಸಿ ಟ್ಯಾಂಕರಿನಲ್ಲಿ ಕೊಡಬೇಕೆಂದೂ ಬರೆದೆ. ಎರಡನೆಯ ವಾಕ್ಯ ಬರೆಯುವ ಅಧಿಕಾರ ನನಗಿರಲಿಲ್ಲ.

ವಾರ್ಡಿನ ಚುನಾವಣೆ ಹತ್ತಿರವಿತ್ತು. ಲೈನಿನ ತುದಿಯಲ್ಲಿ ಹೊಸ ಓವರ್‌ಹೆಡ್ ಟ್ಯಾಂಕಿಗೆ ಬಣ್ಣ ಬಳಿದು ಉದ್ಘಾಟನೆಗೆ ಸಿದ್ಧಮಾಡುತ್ತಿದ್ದರು. ಟ್ಯಾಂಕು ಹೊಸದು, ಅದರಿಂದ ಮನೆಗಳಿಗೆ ಹೋಗುವ ಪೈಪು ಮಾತ್ರ ತಾತನ ಕಾಲದ್ದು. ನೆಲದೊಳಗಿನ ಪೈಪಿಗೆ ರಿಬ್ಬನ್ ಕಟ್ಟಿ ಕತ್ತರಿಸಲು ಆಗುವುದಿಲ್ಲವಲ್ಲ. ವರದಿ ತಲುಪಿದ ಮೇಲೆ ವಾರ್ಡಿನ ನಗರಸಭಾ ಸದಸ್ಯರು ನೀರಿನ ಇಂಜಿನಿಯರನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದರು. ಒರಟರಲ್ಲ, ಬಂದವರೇ ಸುಜಾತಳ ಆರೋಗ್ಯ ವಿಚಾರಿಸಿದರು.

"ಬಾಟ್ಲಿಲಿ ಏನ್ ಮಂತ್ರ ಹಾಕಿ ಕೊಟ್ರಿ ಮೇಡಂ?" ಎಂದು ನಕ್ಕರು. "ನಮ್ ಹೆಂಗಸ್ರೆಲ್ಲ ನನ್ ಮನೆ ಮುಂದೆ ತಂದು ಸಾಲಾಗಿ ಇಟ್ಟು ಹೋಗಿದಾರೆ. ಹೆಂಡ್ತಿ ರಂಗೋಲಿ ಹಾಕೋಕೂ ಜಾಗ ಇಲ್ಲ."

"ನೀರು ನಿಲ್ಲಿಸಿ ಸಾರ್. ಪೈಪು ಅಗೆದು ನೋಡೋ ತನಕ ಟ್ಯಾಂಕರ್ ಕೊಡಿ."

"ಬೇಸಿಗೇಲಿ ನೀರ್ ನಿಲ್ಲಿಸಿದ್ರೆ ಜನ ನನ್ನ ಬಿಡ್ತಾರಾ? ಕಾಮಾಲೆ ಪ್ರತಿ ವರ್ಷ ಬರುತ್ತೆ, ಹೋಗುತ್ತೆ. ಇನ್ನೊಂದ್ಸಲ ಟೆಸ್ಟ್ ಮಾಡ್ಸೋಣ. ಈ ಸಲ ಸ್ಯಾಂಪಲ್ ನಮ್ಮೋರೇ ತರ್ತಾರೆ."

ತಂದರು. ಆ ಎರಡು ದಿನ ಹಳೇ ಲೈನಿನ ನಲ್ಲಿಗಳಲ್ಲಿ ಕಣ್ಣು ಉರಿಯುವಷ್ಟು ಬ್ಲೀಚಿಂಗ್ ವಾಸನೆ ಬಂದಿತ್ತು ಎಂದು ಸುಜಾತ ಹೇಳಿದಳು. ಸ್ಯಾಂಪಲನ್ನು ಟ್ಯಾಂಕಿನ ಬುಡದ ನಲ್ಲಿಯಿಂದ ಹಿಡಿದಿದ್ದರು. ಪರೀಕ್ಷೆಯಲ್ಲಿ ಏನೂ ಬೆಳೆಯಲಿಲ್ಲ. ಕಂಡದ್ದನ್ನೇ ಬರೆಯಬೇಕು: ಯೋಗ್ಯ. ಅದನ್ನು ಬರೆಯುವಾಗ ಆದ ಸಂಕಟ ಮೊದಲ ವರದಿ ಬರೆಯುವಾಗ ಆಗಿರಲಿಲ್ಲ. ಆ ಬಾಟಲಿಯೊಳಗಿನ ನೀರಿನ ಮಟ್ಟಿಗೆ ನಾನು ಬರೆದದ್ದು ಅಪ್ಪಟ ಸತ್ಯ. ಎಲ್ಲಿ ಹಿಡಿದದ್ದು, ಯಾವಾಗ ಹಿಡಿದದ್ದು, ತುದಿಯ ಮನೆಯಲ್ಲಿ ಮತ್ತೆ ಯಾಕೆ ನೋಡಬೇಕು ಎಂದು ಕೆಳಗೆ ವಿವರವಾಗಿ ಟಿಪ್ಪಣಿ ಹಾಕಿದೆ. ಟಿಪ್ಪಣಿಗಳನ್ನು ಯಾರೂ ಓದುವುದಿಲ್ಲ.

ಟ್ಯಾಂಕು ಉದ್ಘಾಟನೆಯ ದಿನ ಸದಸ್ಯರು ವೇದಿಕೆಯ ಮೇಲೆ ಒಂದು ಲೋಟ ನೀರು ಎತ್ತಿ ಎಲ್ಲರೆದುರು ಕುಡಿದರು. ಮರುದಿನದ ಪೇಪರಿನಲ್ಲಿ ಆ ಚಿತ್ರವಿತ್ತು, ನೀರು ಶುದ್ಧವಾಗಿದೆ ಎಂಬ ತಲೆಬರಹವಿತ್ತು. ಜನ ಅವರನ್ನು ನಂಬಿದರು. ನಂಬಬಾರದು ಎನ್ನಲು ಕಾರಣವೂ ಇರಲಿಲ್ಲ. ಆ ಲೋಟದ ನೀರು ನಿಜಕ್ಕೂ ಚೆನ್ನಾಗಿಯೇ ಇದ್ದಿರಬೇಕು. ನನ್ನ ಮಾತು ಕೇಳಿ ನೀರು ಕುದಿಸಲು ಹೊರಟಿದ್ದ ನಾಲ್ಕಾರು ಮನೆಯವರೂ ನಿಲ್ಲಿಸಿದರು. ಅವರನ್ನು ದೂರಲಾರೆ. ಬೇಸಿಗೆಯ ಆ ಧಗೆಯಲ್ಲಿ, ಗಾಳಿಯಾಡದ ಅಡುಗೆಮನೆಯಲ್ಲಿ, ಮನೆಮಂದಿಗೆಲ್ಲ ಸಾಲುವಷ್ಟು ನೀರು ಕುದಿಸಿ ಆರಿಸಿಡುವುದು ಹೆಂಗಸರ ಕೆಲಸ. 'ಕುದಿಸಿ ಕುಡಿಯಿರಿ' ಎಂದು ಕರಪತ್ರ ಹಂಚುವುದು ಬಲು ಸುಲಭದ ನೀತಿ. ಊರು ಮಾಡಬೇಕಾದ ಕೆಲಸವನ್ನು ಅದು ಒಲೆಯ ಮುಂದೆ ನಿಂತವಳ ತಲೆಗೆ ಕಟ್ಟಿಬಿಡುತ್ತದೆ. ಆಮೇಲೆ ಕಾಯಿಲೆ ಬಂದರೆ, ಕುದಿಸಲಿಲ್ಲವಾ ಎಂದು ಅವಳನ್ನೇ ಕೇಳುತ್ತದೆ.

ಯುಗಾದಿ ಮುಗಿದ ಮೇಲೆ ಸುಜಾತಳ ಸೀಮಂತ. ನಾನು ಹೋಗಿದ್ದೆ. ಹಳೇ ಲೈನಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮಲವಗೊಪ್ಪದಿಂದ ಅವಳ ಅಮ್ಮ ಹಸಿರು ಬಳೆ, ಹಸಿರು ಸೀರೆ ತಂದಿದ್ದರು. ಎರಡೂ ಕೈಗಳಿಗೆ ಮೊಣಕೈವರೆಗೂ ಬಳೆ ತೊಡಿಸಿಕೊಂಡು ಕುಳಿತ ಅವಳು ನನ್ನನ್ನು ಕಂಡು, ಇದೆಲ್ಲ ನೋಡಿ ಹೆಂಗಿದೆ ಎನ್ನುವಂತೆ ಕೈ ಅಲ್ಲಾಡಿಸಿ ಘಲಘಲ ಮಾಡಿದಳು. ಕಮಲಮ್ಮ ದೊಡ್ಡ ಪಾತ್ರೆಯ ತುಂಬ ಬೆಲ್ಲದ ಪಾನಕ ಮಾಡಿದ್ದರು. ಬಿಸಿಲಿನಲ್ಲಿ ಬಂದವರೆಲ್ಲ ಎರಡೆರಡು ಲೋಟ ಕುಡಿದರು.

"ಯಾವ ನೀರಮ್ಮ?" ಎಂದು ಕೇಳಿದೆ.

"ನಲ್ಲೀದೇ ಕಣ್ಣು. ಈಗ ಚೆನ್ನಾಗ್ ಬರ್ತಾ ಇದೆಯಲ್ಲ, ಪೇಪರಲ್ಲೇ ಹಾಕಿದಾರೆ."

ಅಷ್ಟರಲ್ಲಿ ಹಿರಿಯ ಮುತ್ತೈದೆಯೊಬ್ಬರು ಸುಜಾತಳ ಹಣೆಗೆ ಕುಂಕುಮ ಹಚ್ಚಿ ಬೆಳ್ಳಿ ಲೋಟವನ್ನು ಅವಳ ತುಟಿಗೇ ಹಿಡಿದಿದ್ದರು. ಸುತ್ತ ಹಾಡು ಹೇಳುತ್ತಿದ್ದ ಹೆಂಗಸರು. ಅವಳು ಒಂದು ಕ್ಷಣ ನನ್ನ ಕಡೆ ನೋಡಿ, ಏನು ಮಾಡೋದು ಎನ್ನುವಂತೆ ಹುಬ್ಬು ಹಾರಿಸಿ, ಕುಡಿದಳು. ಆಮೇಲೆ ಕಮಲಮ್ಮ ನನಗೊಂದು ಲೋಟ ತಂದು ಕೈಗಿಟ್ಟರು. ನಾನೂ ಕುಡಿದೆ.

ಆ ವಾರವೇ ಅವಳನ್ನು ಹೆರಿಗೆಗೆಂದು ತವರಿಗೆ ಕರೆದುಕೊಂಡು ಹೋದರು. ಮಲವಗೊಪ್ಪದ ಅವರ ಮನೆಗೆ ಒಳ್ಳೆಯ ಬೋರ್‌ವೆಲ್ ನೀರು, ನಾನೇ ಪರೀಕ್ಷೆ ಮಾಡಿ ನೋಡಿದ್ದೆ. ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಕೆಲಸಕ್ಕೆ ರಜೆ ಹಾಕಿದರೂ ದಿನಾ ಫೋನ್ ಮಾಡಿ ಯಾವ ಸ್ಯಾಂಪಲ್ ಬಂತು, ಏನಾಯ್ತು ಎಂದು ಕೇಳುತ್ತಿದ್ದಳು. ಹಳೇ ಲೈನಿನಲ್ಲಿ ಕಣ್ಣು ಹಳದಿಯಾದವರ ಸುದ್ದಿ ಮತ್ತೆ ಬರತೊಡಗಿತ್ತು. ನಾನು ಮತ್ತೆ ಬರೆದೆ. ಚುನಾವಣೆ ಮುಗಿಯಲಿ ಎಂದು ಇಂಜಿನಿಯರ್ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು. "ನನಗೂ ಗೊತ್ತು ಮೇಡಂ. ಆ ಪೈಪ್ ಬದಲಾಯಿಸಬೇಕು ಅಂತ ನಾನೇ ಎಷ್ಟೋ ಸಲ ಬರೆದಿದೀನಿ. ನನ್ ಕೈಲಿ ಏನಿದೆ ಹೇಳಿ."

ಮಳೆ ಹಿಡಿಯಿತು. ಮೊದಲ ಮಳೆಗೆ ಮಣ್ಣಿನ ವಾಸನೆ ಎಂದು ಎಲ್ಲರೂ ಸಂಭ್ರಮಿಸುವಾಗ ನೀರು ಪರೀಕ್ಷೆ ಮಾಡುವವರಿಗೆ ಭಯ. ಚರಂಡಿಗಳೆಲ್ಲ ತುಂಬಿ ಎಲ್ಲೆಲ್ಲಿ ದಾರಿ ಸಿಗುತ್ತದೋ ಅಲ್ಲಲ್ಲಿ ನುಗ್ಗುತ್ತವೆ. ಅಂಥದೊಂದು ಬೆಳಿಗ್ಗೆ ಸುಜಾತಳ ಫೋನ್ ಬಂತು.

"ಮೇಡಂ, ಎರಡು ದಿನದಿಂದ ಊಟ ಸೇರ್ತಿಲ್ಲ. ಇವತ್ತು ಯೂರಿನ್ ಕಡು ಹಳದಿ. ಅದೇ ಇರಬೇಕು."

ಸಿಕ್ಕಿದ ಬಸ್ಸು ಹತ್ತಿ ಮಲವಗೊಪ್ಪಕ್ಕೆ ಹೋದೆ. ಅವಳ ಅಮ್ಮ ಎಲೆ ಔಷಧಿ ಕೊಡುವವರಲ್ಲಿಗೆ ಹೊರಡಲು ಸಿದ್ಧರಾಗಿದ್ದರು. ಸುಜಾತ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಕೈತುಂಬ ಇನ್ನೂ ಹಸಿರು ಬಳೆ. ಕಣ್ಣಿನ ಬಿಳಿಯಲ್ಲಿ ಅರಿಶಿನ ಕದಡಿದಂತಿತ್ತು.

"ಎಲೆ ಔಷಧಿ ಬೇಡಮ್ಮ, ಈಗಲೇ ಆಸ್ಪತ್ರೆಗೆ ಹೋಗೋಣ. ಬಸುರಿಗೆ ಇದು ಬೇರೆ ಥರ ಕಾಯಿಲೆ," ಎಂದೆ.

"ಇಲ್ಲಿ ನಮ್ ನೀರು ಚೆನ್ನಾಗೇ ಇದೆಯಲ್ರೀ, ಎಲ್ಲಿಂದ ಬಂತು ಇದು?" ಎಂದು ಆ ತಾಯಿ ಕೇಳಿದರು.

"ಇಲ್ಲಿಂದಲ್ಲ ಅಮ್ಮ," ಎಂದು ಸುಜಾತಳೇ ಹೇಳಿದಳು. "ಒಳಗೆ ಹೋಗಿ ಎಷ್ಟೋ ವಾರ ಸುಮ್ನೆ ಕೂತಿರುತ್ತೆ ಅದು. ಆಮೇಲೆ ಕಾಣಿಸಿಕೊಳ್ಳೋದು."

ಶಿವಮೊಗ್ಗದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ನಾನು ಹೆದರಿದ್ದನ್ನೇ ಹೇಳಿತು. ಎರಡು ದಿನ ಮೊದಲೇ ಕರೆತಂದಿದ್ದರೆ ಎಂದು ಮುರುಗೇಶ ಡಾಕ್ಟರನ್ನು ಕೇಳಿದ. ಅದಕ್ಕೆಂದೇ ಔಷಧಿ ಇಲ್ಲ, ಮೊದಲೇ ಬಂದಿದ್ದರೂ ನಾವು ಇಷ್ಟೇ ಮಾಡುತ್ತಿದ್ದೆವು ಎಂದು ಡಾಕ್ಟರ್ ಹೇಳಿದರು. ಅದು ಸಮಾಧಾನದ ಮಾತಲ್ಲ, ನಿಜ. ಮೂರನೆಯ ದಿನಕ್ಕೆ ಅವಳಿಗೆ ಮಂಪರು ಕವಿಯಿತು. ಮಾತು ತಡವರಿಸಿತು. ನಾನು ಪಕ್ಕದಲ್ಲಿ ಕುಳಿತಿದ್ದಾಗ ಕಣ್ಣು ತೆರೆದು ಪ್ರಯೋಗಾಲಯದಲ್ಲೇ ಇದ್ದೇವೆ ಎನ್ನುವಂತೆ ಹೇಳಿದಳು: "ಕೊನೇಮನೆ ನಲ್ಲೀಲಿ ಹಿಡೀರಿ ಮೇಡಂ. ಟ್ಯಾಂಕ್ ಹತ್ರ ಬೇಡ. ಅಲ್ಲಿ ಯಾವಾಗ್ಲೂ ಚೆನ್ನಾಗೇ ಇರುತ್ತೆ."

ಮಗುವನ್ನು ಅವಧಿಗೆ ಮುಂಚೆಯೇ ಹೊರತೆಗೆದರು. ಹೆಣ್ಣು, ಅಂಗೈಯಗಲದ ಎದೆ, ಆದರೂ ಅಳು ಜೋರಾಗಿತ್ತು. ಅದು ಉಳಿಯಿತು. ಸುಜಾತ ಮರುದಿನ ಮಧ್ಯಾಹ್ನ ಹೋದಳು. ಹೊರಗೆ ಮಳೆ ರಪರಪ ಹೊಡೆಯುತ್ತಿತ್ತು. ಕಮಲಮ್ಮ ಕಾರಿಡಾರಿನಲ್ಲಿ ಕುಳಿತು ತಮಿಳಿನಲ್ಲಿ ಅಳುತ್ತಿದ್ದರು. ನನಗೆ ಅರ್ಥವಾದದ್ದು ಒಂದೇ ಮಾತು: ನಾನೇ ಕಲಸಿದೆನಲ್ಲ, ನನ್ನ ಕೈಯಾರೆ ಕಲಸಿದೆನಲ್ಲ. ಅವರ ಪಕ್ಕ ಕುಳಿತು, ಆ ಪಾನಕದಿಂದಲೇ ಎಂದು ಯಾರೂ ಹೇಳಲಾರರು, ಮೊದಲಾಗಲೀ ಆಮೇಲಾಗಲೀ ಪಾತ್ರೆ ತೊಳೆದ ನೀರಿನಿಂದಲೂ ಬಂದಿರಬಹುದು ಎಂದೆ. ಅವರು ನನ್ನ ಕೈ ಕೊಡವಿಬಿಟ್ಟರು.

ಅವಳ ಹೆಣ ಹಳೇ ಲೈನಿಗೆ ಬಂದ ದಿನ ಜನ ರಸ್ತೆಗೆ ಕಲ್ಲು ಅಡ್ಡ ಇಟ್ಟು ಕುಳಿತರು. ಸಂಜೆಗೆ ಜೆಸಿಬಿ ಬಂತು. ಅಗೆದಾಗ ಪೈಪು ಚರಂಡಿಯ ಪಕ್ಕದಲ್ಲಿರಲಿಲ್ಲ, ಒಳಗೇ ಇತ್ತು. ಯಾವುದೋ ಕಾಲದಲ್ಲಿ ಚರಂಡಿ ಅಗಲಮಾಡುವಾಗ ಪೈಪನ್ನು ಸರಿಸದೆ ಅದರ ಸುತ್ತಲೇ ಕಟ್ಟಿಬಿಟ್ಟಿದ್ದರು. ತುಕ್ಕು ಹಿಡಿದು ಮುಟ್ಟಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಕೆಲವೇ ವಾರಗಳಲ್ಲಿ ಹೊಸ ಪೈಪು ಹಾಕಿದರು, ಆ ಬೀದಿಗೆ ಮಾತ್ರ. ಅದನ್ನು ಹಾಕಿಸಿಕೊಟ್ಟವರೆಂದು ಸದಸ್ಯರ ಫ್ಲೆಕ್ಸ್ ನಿಂತಿತು. ಚುನಾವಣೆಯಲ್ಲಿ ಅವರೇ ಗೆದ್ದರು. ಪಕ್ಕದ ಬೀದಿಗಳ ಪೈಪುಗಳು ಹಾಗೇ ಉಳಿದವು. ಅಲ್ಲಿ ಯಾರೂ ಸತ್ತಿರಲಿಲ್ಲ.

ಹೊರಗಿನಿಂದ ಒಬ್ಬ ಅಧಿಕಾರಿ ಬಂದು ವಿಚಾರಣೆ ನಡೆಸಿದರು. ಮೃದು ಮಾತಿನವರು. ಒಂದು ಪಕ್ಕ ಸದಸ್ಯರು, ಇಂಜಿನಿಯರ್, ಇನ್ನೊಂದು ಪಕ್ಕ ನಾನು. ಹಿಂದಿನ ಬೆಂಚಿನಲ್ಲಿ ಮುರುಗೇಶ. ನನ್ನ ಎರಡೂ ವರದಿಗಳು ಮೇಜಿನ ಮೇಲಿದ್ದವು. ಎರಡಕ್ಕೂ ನನ್ನದೇ ಸಹಿ.

"ಆಯಮ್ಮ ಕಾಯಿಲೆ ಬಿದ್ದಾಗ ನಮ್ ವಾರ್ಡಲ್ಲೇ ಇರ್ಲಿಲ್ಲ ಸಾರ್," ಎಂದರು ಸದಸ್ಯರು. "ಮಲವಗೊಪ್ಪದಲ್ಲಿದ್ರು. ಮೇಡಂ ಅವರೇ ಸೀಮಂತದಲ್ಲಿ ಅದೇ ಪಾನಕ ಕುಡಿದಿದಾರೆ. ನಿಮಗೇನಾದ್ರೂ ಆಯ್ತಾ ಮೇಡಂ?"

"ಇಲ್ಲ," ಎಂದೆ.

ಅಧಿಕಾರಿ ನನ್ನ ಕಡೆ ತಿರುಗಿದರು. "ಈ ನೀರಿನಿಂದಲೇ ಆಕೆ ತೀರಿಹೋದರು ಅಂತ ಖಚಿತವಾಗಿ ಹೇಳ್ತೀರಾ?"

ನಾನು ಹೇಳಿದೆ. ಯಾವ ಲೋಟದಿಂದ ಬಂತೆಂದು ಖಚಿತವಾಗಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಆದರೆ ಅವಳ ರಕ್ತದಲ್ಲಿ ಸಿಕ್ಕ ವೈರಸ್ಸು ಇಂಥ ಕಡೆ ಹರಡುವುದು ಮಲ ಸೇರಿದ ನೀರಿನಿಂದ, ಆ ಬೀದಿಯ ನೀರಿನಲ್ಲಿ ಮಲ ಸೇರಿತ್ತು, ಅಲ್ಲಿ ಮನೆಮನೆಯಲ್ಲೂ ಅದೇ ಕಾಯಿಲೆಯಿತ್ತು, ವೈರಸ್ಸು ಒಳಹೊಕ್ಕು ಕಾಣಿಸಿಕೊಳ್ಳಲು ವಾರಗಳು ಬೇಕು, ಅಷ್ಟು ವಾರಗಳ ಹಿಂದೆ ಅವಳು ಇದ್ದದ್ದು ಹಳೇ ಲೈನಿನಲ್ಲಿ. ಬೇರೆ ಕಾರಣವಿದೆ ಎನ್ನಲು ನನಗೆ ಒಂದೂ ಸುಳಿವು ಕಾಣುವುದಿಲ್ಲ. ಇಷ್ಟನ್ನೂ ಹೇಳಿದೆ. ಟೈಪು ಮಾಡುವವರ ಬೆರಳು ನನ್ನ ಮೊದಲ ವಾಕ್ಯಕ್ಕೇ ನಿಂತಿತ್ತು.

"ಉಳಿದದ್ದನ್ನೂ ಬರೆದುಕೊಳ್ಳಿ ಸಾರ್."

"ಅದು ಅಭಿಪ್ರಾಯ ಆಗುತ್ತೆ ಮೇಡಂ," ಎಂದರು ಅಧಿಕಾರಿ ಬೇಸರವಿಲ್ಲದೆ. "ನಮಗೆ ಬೇಕಾಗಿರೋದು ಸಂಗತಿ."

ನನ್ನ ವಿದ್ಯೆಯಲ್ಲಿ ಸಂದೇಹವೆನ್ನುವುದು ಇನ್ನಷ್ಟು ಹುಡುಕಲು ಕಾರಣ. ಆ ಕೋಣೆಯಲ್ಲಿ ಅದು ಹುಡುಕುವುದನ್ನು ನಿಲ್ಲಿಸಲು ಕಾರಣವಾಯಿತು. ಸಾವಿಗೆ ನೀರೇ ಕಾರಣವೆಂದು ತಜ್ಞರೂ ಖಚಿತಪಡಿಸಲಿಲ್ಲ ಎಂದು ವರದಿಯಾಯಿತು. ತಜ್ಞರೆಂದರೆ ನಾನು.

ಹೊರಗೆ ಬಂದಾಗ ಮಳೆ ನಿಂತು ಕಟ್ಟಡದ ಸೂರು ತೊಟ್ಟಿಕ್ಕುತ್ತಿತ್ತು. ಮುರುಗೇಶ ಮೆಟ್ಟಿಲ ಹತ್ತಿರ ಕಾದು ನಿಂತಿದ್ದ. ವೆಲ್ಡಿಂಗಿನ ಕಿಡಿಗೆ ಸುಟ್ಟ ತೂತುಗಳ ಅಂಗಿ. ಮಗು ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ, ಅಮ್ಮ ನೋಡಿಕೊಳ್ತಾರೆ ಎಂದ. ಆಮೇಲೆ ನೆಲ ನೋಡುತ್ತಾ ಹೇಳಿದ:

"ಹೌದು ಅಂತ ಒಂದ್ ಮಾತು ಹೇಳಿದ್ರೆ ಆಗ್ತಿತ್ತು ಮೇಡಂ. ಆ ನೀರಿಂದಾನೇ ಅಂತ. ಅವರು ಹೇಳಲ್ವಾ ಬಾಯಿಗ್ ಬಂದಂಗೆ?"

"ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಗೆ ಹೇಳ್ಲಿ ಮುರುಗೇಶ್?"

ಅವನು ತಲೆಯೆತ್ತಿ ನನ್ನನ್ನು ನೋಡಿದ. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಸಮವಾಗಿತ್ತು.

"ಅವಳಿದ್ದಿದ್ರೂ ಹಿಂಗೇ ಹೇಳ್ತಿದ್ಲು," ಎಂದ. "ಅದಕ್ಕೇ ನಂಗೆ ಕೋಪ."

ಬೈಕನ್ನು ಸ್ಟಾರ್ಟ್ ಮಾಡದೆ ಗೇಟಿನವರೆಗೂ ತಳ್ಳಿಕೊಂಡೇ ಹೋದ.